ದಿನಕ್ಕೊಂದು ಸುತ್ತು

ನಮ್ಮ ಮೊಮ್ಮಗಳು ಇವತ್ತ ನಡದಳ್ರಿ! ಗ್ವಾಡಿ ಬಿಟ್ಟು, ಯಾರ ಕೈನೂ ಹಿಡೀದ, ಆರು ಹೆಜ್ಜಿ. ಎದುರುಮನಿಯವರಿಗೆ, ಹಾಲಿನವನಿಗೆ, ಕಂಡಕಂಡವರಿಗೆಲ್ಲಾ ಹೇಳಿ ಬಂದೆ. ಇನ್ನೂ ಹಿಗ್ಗು ತಡಿಯೂದಾಗವಲ್ದು, ಅದಕ್ಕ ನಿಮಗೂ ಬರೀತೀನಿ. ಕೂಸು ನಡದದ್ದು ನೀರಿನ ಕೊಡದ ಕಡೆ. ಕೊಡದ ಬಾಯಿಗೆ ನಾ ಕಟ್ಟಿದ ಹಸಿ ಅರಿವಿ ಜಗ್ಗಿ ಹಿಡಕೊಂಡು ನಕ್ಕಳು. ಆ ತೊಯ್ದ ಹತ್ತಿ ಅರಿವಿ ವಾಸನಿ ಮೂಗಿಗೆ ಬಡೀತು ನೋಡ್ರಿ, ನಕ್ಕೋತ ನಿಂತಾಕಿ ಅಳಾಕ ಹತ್ತಿದೆ.

ಎಪ್ಪತ್ತನೇ ಇಸವಿ ಈಚಿನ ಮಾತು. ನನಗ ಒಂಬತ್ತು ವರ್ಷ. ಅಪ್ಪ ಸೊಲ್ಲಾಪುರದಾಗ ಮಗ್ಗ ನೇಯತಿದ್ದ, ನಾ ಸಾಲಿ ಬಿಟ್ಟು ಕಂಡಿಕಿ ಸುತ್ತತಿದ್ದೆ. ಸಣ್ಣ ಕಡ್ಡಿಗೆ ನೂಲು ಸುತ್ತೂ ಕೆಲಸ. ಓಣ್ಯಾಗ ನನ್ನಷ್ಟು ಚುರುಕು ಕೈ ಯಾರದೂ ಇಲ್ಲಂತ ಸೊಕ್ಕು ನನಗ. ಬ್ಯಾಸಗ್ಯಾಗ ಅಕ್ಕಲಕೋಟದ ಹಂತೇಲಿ ಆಯಿ ಊರಿಗೆ ಹೋಗತಿದ್ದೆ. ಆಯಿ ಅಂದ್ರ ನಮ್ಮವ್ವನ ಅವ್ವ. ಮಣ್ಣಿನ ಮಾಳಗಿ ಮನಿ, ಒಳಗ ಜೋಳದ ತಂಪು ವಾಸನಿ, ಪಡಸಾಲ್ಯಾಗ ಮಾಮಾನ ನಗಿ. ನನ್ನ ಹೆಗಲ ಮ್ಯಾಲ ಹೊತ್ಕೊಂಡು ಮೆಟ್ಟಿಲಬಾವಿ ಇಳಿಯೂ ಮಾಮಾ ಆ ವರ್ಷ ಹೊರಸು ಹಿಡಿದಿದ್ದ. ಮೊಣಕಾಲ ಕೆಳಗ ಬೊಕ್ಕಿ ಒಡದು, ಬಿಳೀ ನೂಲಿನಂಥಾ ನಾರುಹುಳ ತಲಿ ಹೊರಗ ಹಾಕಿತ್ತು.

ಆಯಿ ಅದರ ತುದೀನ ಒಂದು ಕಂಡಿಕಿ ಕಡ್ಡಿಗೆ ಸುತ್ತಿ, ದಿನಾ ಮುಂಜಾನೆ ನೀರು ಬಿಟ್ಟು ನೆನಸಿ, ಒಂದಽ ಸುತ್ತು ಸುತ್ತಿ ಕಟ್ಟತಿದ್ದಳು.

"ಆಯೀ, ನಾ ಸುತ್ತಲೇನು? ಒಂದಽ ದಿನದಾಗ ಮುಗಸ್ತೀನಿ."

"ಮುಟ್ಟಿದ್ರ ಕೈ ಮುರೀತೀನಿ! ಅದು ನಿಮ್ಮಪ್ಪನ ಮಗ್ಗಲ್ಲ. ಅದೂ ಹಡಿಯಾಕ ಬಂದೈತಿ, ಮೆತ್ತಗ ಕಳಿಸಬೇಕು."

ಮಾಮಾ ಕಾಲಾಗಿನ ಹುಳ ತೋರಿಸಿ ನಗತಿದ್ದ. "ನೋಡ ನೀಲಿ, ಬೀಗರು ಬಂದು ವರ್ಷಾತು. ಉಂಡ್ರು, ಬೆಳದ್ರು, ಇನ್ನ ಹೋಗತೀವಿ ಅನವಲ್ರು."

ಸೊಲ್ಲಾಪುರದ ಬಟ್ಟಿ ಗಿರಣ್ಯಾಗ ಕೆಲಸದ ಜಾಗಾ ಐತಿ, ಎಂಟು ದಿನದಾಗ ಮಾಮಾ ಬಂದು ನಿಂತು ತೋರಿಸಬೇಕಂತ ಅಪ್ಪ ಸುದ್ದಿ ಕಳಿಸಿದ್ದ. ಮಾಮಾ ಇನ್ನ ನಮ್ಮ ಮನ್ಯಾಗಽ ಇರತಾನಂತ ನನಗ ಕಾಲು ನೆಲಕ್ಕ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಆಯಿ ಹೊಲಕ್ಕ ಹೋಗಿದ್ದಳು, ಮಾಮಾಗ ನಿದ್ದಿ ಹತ್ತಿತ್ತು. ಕಡ್ಡಿ ಹಿಡದು ಒಂದು ಸುತ್ತು ಸುತ್ತಿದೆ, ಸಲೀಸು ಬಂತು. ಎರಡು. ಮೂರನೇದಕ್ಕ ಬಿಗೀತು. ನೂಲು ಜಗ್ಗೂವಂಗ ಜಗ್ಗಿದೆ. ಹರೀತು. ನೂಲು ಹರಿದ್ರ ತುದಿಗೆ ತುದಿ ಹಚ್ಚಿ ಹೊಸೀತಿದ್ದೆ. ಇದರ ತುದಿ ಒಳಗ ಹೋತು.

ಮಾಮಾ ಎದ್ದು ನನ್ನ ಕೈ ನೋಡಿದ, ಕಡ್ಡಿ ನೋಡಿದ. ಆಯಿ ಬಂದಾಗ, "ನಿದ್ದಿಗಣ್ಣಾಗ ನಾನಽ ಕಾಲು ಝಾಡಿಸಿದೆ ಅವ್ವಾ" ಅಂದ. ಹರದ ಹುಳ ಒಳಗಽ ಕೊಳತು, ಕಾಲು ಬಾತು ಕೀವಾತು. ಮಳಿಗಾಲ ಪೂರಾ ನರಳಿದ. ಜೀವ ಉಳೀತು, ಮೊಣಕಾಲು ಮಾತ್ರ ಮಡಚಿದ್ದು ಮಡಚಿದಂಗಽ ಬಿಗೀತು. ಗಿರಣಿ ಮಾತು ಮತ್ತ ಯಾರೂ ಎತ್ತಲಿಲ್ಲ.

ಮುಂದ ದವಾಖಾನಿಯವರು ಬಂದು ತಿಳಿಸಿ ಹೇಳಿದ್ರು. ಉರಿ ತಡೀದ ನಾವು ಬಾವ್ಯಾಗ ಕಾಲು ಇಡತೀವಿ, ಹುಳ ಅಲ್ಲೇ ಮರಿ ಬಿಡತೈತಿ, ಆ ನೀರು ಮತ್ತ ನಾವಽ ಕುಡೀತೀವಿ ಅಂತ. ಅದಕ್ಕ ನಮ್ಮ ಮೈಯಽ ಮನಿ, ನಮ್ಮ ಕಾಲಽ ಬಂಡಿ. ಎಷ್ಟು ಸುಖ ನೋಡ್ರಿ ಅದಕ್ಕ! ನಮಗ ಉಳದದ್ದು ನೀರು ಸೋಸೂ ಬುದ್ಧಿ ಒಂದಽ. ಮಾಮಾ ಸಾಯೂತನಕಾ ಬಾವಿ ಕಟ್ಟಿಮ್ಯಾಲ ಕುಂತು, ಬಂದವರ ಕೊಡಕ್ಕೆಲ್ಲಾ ಅರಿವಿ ಕಟ್ಟಿದ. ನನ್ನ ಹೆಸರು ಯಾರ ಮುಂದೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಆ ಮಾಳಗಿ ಬಿದ್ದೈತಿ, ಬಾವಿ ಮುಚ್ಯಾರ, ಆ ಹುಳಾನೂ ಈಗ ಇಲ್ಲಂತ.

ಸಂಜಿಗೆ ಹೋಳಿಗಿ ಮಾಡಿದ್ವಿ. ಎಲ್ಲಾರೂ ಕೂಡಿ ಉಣ್ಣಾಕ ಕುಂತಾಗ ಸೊಸಿ, "ಅತ್ತೀ, ಮಿಷನ್ನಿನಾಗ ಸೋಸಿದ ನೀರಿಗೂ ಅರಿವಿ ಯಾಕ್ರಿ?" ಅಂತ ನಕ್ಕಳು. ದಿನಾ ಕೇಳತಾಳ. ಇವತ್ತ ಹೇಳಿದೆ, ಕಡ್ಡಿ ತಿರುವಿದ ಕೈ ಯಾರದಂತ ಅದನ್ನೂ. ಸೊಸಿ ಎದ್ದು ಹೋದಳು. ಕೂಸು ಜಗ್ಗಿದ್ದ ಅರಿವಿ ಕೊಡಕ್ಕ ಮತ್ತ ಬಿಗಿಯಾಗಿ ಕಟ್ಟಿ ಬಂದು, ನನ್ನ ಮಗ್ಗಲಕ್ಕ ಕುಂತಳು.

"ಉಣ್ರಿ ಅತ್ತಿ, ಆರತೈತಿ."

ಉಂಡ್ವಿ.