ಉಸಿರಣ್ಣನ ಎಣಿಕೆ

ಎದೆಗೆ ಬಲ ಕೊಡುವ ಪುಡಿ, ಗುಳಿಗೆ ಮಾರುವ ಅಂಗಡಿಯವನನ್ನು ಬೀದಿಯೆಲ್ಲ ಉಸಿರಣ್ಣ ಎಂದೇ ಕರೆಯುತ್ತದೆ. ಡಬ್ಬಿಗಳನ್ನು ಅವನು ಒದ್ದೆ ಬಟ್ಟೆಯಲ್ಲಷ್ಟೇ ಒರೆಸುತ್ತಾನೆ. ಧೂಳೆದ್ದರೆ ಅವನಿಗೇ ಕೆಮ್ಮು ಹತ್ತುತ್ತದೆ. ಬೀದಿ ನಾಯಿ ಏದುಸಿರು ಬಿಟ್ಟರೂ ಅದಕ್ಕೆಷ್ಟು ಚಮಚ ಬೇಕೆಂದು ಅವನ ಮನಸ್ಸು ಲೆಕ್ಕ ಹಾಕುತ್ತದೆ. ದಮ್ಮಿನವರು ಯಾರೇ ಬರಲಿ, ಸ್ಟೂಲಿನ ಮೇಲೆ ಕೂರಿಸಿ ಒಂದೇ ಉಸಿರಿಗೆ ಇಪ್ಪತ್ತರವರೆಗೆ ಎಣಿಸಲು ಹೇಳುತ್ತಾನೆ. "ಹನ್ನೆರಡಕ್ಕೇ ನಿಂತ್ರಲ್ಲ ತಾಯಿ, ಮೂರು ಡಬ್ಬಿ ಬೇಕಾಗುತ್ತೆ" ಎನ್ನುತ್ತಾನೆ, ತೀರ್ಪು ಓದುವ ಗತ್ತಿನಲ್ಲಿ. ಡಾಕ್ಟರು ಇನ್ಹೇಲರ್ ಕೊಟ್ಟಿದ್ದಾರೆ ಎಂದರೆ ಮುಖ ಸಿಂಡರಿಸುತ್ತಾನೆ: "ಅದನ್ನ ಒಂದ್ಸಲ ಬಾಯಿಗಿಟ್ರೆ ಜನ್ಮಕ್ಕೂ ಬಿಡಲ್ಲ. ಎದೆ ಸೋಮಾರಿ ಆಗಿಬಿಡುತ್ತೆ. ನಮ್ದು ಬೇರಿಗೇ ನೀರು ಹಾಕೋ ಕೆಲಸ." ಅವನ ಪ್ರಕಾರ ಗುಣವಾಗದವರು ಪಥ್ಯ ತಪ್ಪಿದವರು, ಮತ್ತೆ ಬಾರದವರು ಗುಣವಾದವರು. ತಾನು ಮಾತ್ರ ಯಾರೆದುರೂ ಎಣಿಸಿದವನಲ್ಲ. ಮಧ್ಯಾಹ್ನ ಷಟರ್ ಅರ್ಧ ಎಳೆದು, ಡಬ್ಬಿಗಳ ಹಿಂದೆ ಬಚ್ಚಿಟ್ಟ ಇನ್ಹೇಲರನ್ನು ಗೋಡೆಗೆ ಮುಖ ಮಾಡಿ ಎರಡು ಸಲ ಎಳೆದುಕೊಳ್ಳುತ್ತಾನೆ. ಅದು ಅವನ ಹೆಂಡತಿಯದು. ಹೋದ ವರ್ಷ ಗಂಡನ ಮಾತು ನಂಬಿ ಅವಳು ಅದನ್ನು ಕಪಾಟಿಗೆ ಸೇರಿಸಿ ಪುಡಿ ಹಿಡಿದಿದ್ದಳು. ಅವಳನ್ನೂ ಅವನು ದಿನಾ ಅಂಗಡಿಯ ಅದೇ ಸ್ಟೂಲಿನ ಮೇಲೆ ಎಣಿಸಲು ಕೂರಿಸುತ್ತಿದ್ದ: ಮೊದಲು ಹದಿನಾರು, ಆಮೇಲೆ ಒಂಬತ್ತು. ಕೊನೆಯ ಬೆಳಿಗ್ಗೆ ಅವಳು ನಾಲ್ಕಕ್ಕೇ ನಿಂತು, ಕಪಾಟಿನ ಕಡೆ ಕೈ ತೋರಿಸಿದಳು. ಏನು ಕೇಳುತ್ತಿದ್ದಾಳೆಂದು ಅವನಿಗೆ ಗೊತ್ತಾಗಿತ್ತು. ಬಾಗಿಲಲ್ಲಿ ಗಿರಾಕಿಯೊಬ್ಬರು ನಿಂತಿದ್ದರು. ಅವನು ಪುಡಿಯ ಡಬ್ಬಿಯನ್ನೇ ತಂದ.