ಮೂರರಿಂದ ಎರಡಕ್ಕೆ ಇಳಿದ ಪರೀಕ್ಷಕರು

ಹತ್ತೂಮುಕ್ಕಾಲಿಗೆ ಮೆಟ್ಟಿಲಕ್ಕ ಹೈಡ್ರೋಜನ್ ತುಂಬಿದ ಗಾಜಿನ ಕೊಳವೆಯನ್ನು ಮೂರನೇ ಸಲ ಒರೆಸುತ್ತಿದ್ದರು. ಹನ್ನೊಂದಕ್ಕೆ ಅದೇ ಪ್ರಯೋಗಾಲಯದಲ್ಲಿ ಅವರ ಸಂದರ್ಶನ. ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಅಟೆಂಡರ್ ಆಗಿದ್ದವರಿಗೆ ಪ್ರಯೋಗ ಸಹಾಯಕಿಯಾಗಲು ಇದು ಕೊನೆಯ ಅವಕಾಶ. ಮುಂದಿನ ತಿಂಗಳು ವಯಸ್ಸು ಮೀರುತ್ತದೆ. ಸಹಾಯಕಿಯಾದರೆ ವಿದ್ಯಾರ್ಥಿಗಳಿಗೆ ಪ್ರಯೋಗ ವಿವರಿಸುವ ಅಧಿಕಾರ ಸಿಗುತ್ತದೆ. ಇಷ್ಟು ವರ್ಷ ಅವರು ಅದನ್ನು ಮೇಜು ಒರೆಸುವ ನೆಪದಲ್ಲಿ ಕದ್ದು ಮಾಡಿದ್ದರು.

"ದೊಡ್ಡೋರ ಮುಂದೆ ನಿನ್ನ ತಮಾಷೆ ಬೇಡ ಕಣೇ," ಎಂದು ಬೆಳಿಗ್ಗೆ ಗಂಡ ಮನೆ ಬಾಗಿಲಲ್ಲೇ ಎಚ್ಚರಿಸಿದ್ದರು.

"ನಾನೆಲ್ಲಿ ಮಾಡ್ತೀನಿ ರೀ? ಅವರೇ ಮಾಡಿಸ್ತಾರೆ."

ಮೆಟ್ಟಿಲಕ್ಕ ಎಂಬ ಅಡ್ಡಹೆಸರು ಬಂದದ್ದು ಅವರ ಪಾಠದಿಂದ. ಕೊಳವೆಗೆ ಕರೆಂಟು ಕೊಟ್ಟರೆ ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಏರಿ, ಕೆಳಗೆ ಬೀಳುವಾಗ ಬೆಳಕು ಬಿಡುತ್ತದೆ. ಪ್ರಿಸಂ ಮೂಲಕ ನೋಡಿದರೆ ಆ ಬೆಳಕು ಗೆರೆಗೆರೆಯಾಗಿ ಕಾಣುತ್ತದೆ. ಗೆರೆಗಳ ಗುಂಪಿಗೆ ಲೈಮನ್, ಬಾಮರ್, ಪಾಶನ್ ಎಂದು ಬೇರೆ ಬೇರೆ ಹೆಸರು. ಹುಡುಗರು ಉರು ಹೊಡೆದು, ಪರೀಕ್ಷೆಯಲ್ಲಿ ಅದಲು ಬದಲು ಮಾಡುತ್ತಿದ್ದರು. ಮೆಟ್ಟಿಲಕ್ಕ ಅವರನ್ನು ಕಟ್ಟಡದ ಮೆಟ್ಟಿಲ ಬಳಿಗೆ ಕರೆದೊಯ್ದು, ಒಂದೊಂದು ಮಹಡಿಯನ್ನೂ ಒಂದೊಂದು ಮಟ್ಟವೆಂದು ತೋರಿಸಿದರು.

"ಎಲೆಕ್ಟ್ರಾನನ್ನ ಎಲ್ಲಿಂದ ಬಿದ್ದೆ ಅಂತ ಕೇಳ್ಬೇಡಿ, ಎಲ್ಲಿಗೆ ಬಂದು ಬಿದ್ದೆ ಅಂತ ಕೇಳಿ. ಒಂದಕ್ಕೆ ಬಿದ್ರೆ ಲೈಮನ್, ಕಣ್ಣಿಗೆ ಕಾಣಲ್ಲ. ಎರಡಕ್ಕೆ ಬಿದ್ರೆ ಬಾಮರ್, ಅದರದ್ದೇ ನಾಲ್ಕು ಗೆರೆ ನಮ್ಮ ಕಣ್ಣಿಗೆ ದಕ್ಕೋದು. ಮೂರಕ್ಕೆ ಪಾಶನ್, ಅದೂ ಕಾಣಲ್ಲ."

ಆದರೂ ಆ ವರ್ಷ ಅರ್ಧ ತರಗತಿ ಬಾಮರ್‌ನ ಕೆಂಪು ಗೆರೆಯನ್ನು ಲೈಮನ್ ಎಂದು ಬರೆಯಿತು. ಕಾರಣ ಸರಳ: ಕಟ್ಟಡದಲ್ಲಿ ನೆಲಮಹಡಿ ಲೆಕ್ಕಕ್ಕಿಲ್ಲ, ಅದರ ಮೇಲಿನದು ಒಂದು. ಪರಮಾಣುವಿನಲ್ಲಿ ಎಲ್ಲಕ್ಕಿಂತ ಕೆಳಗಿನದೇ ಒಂದು.

ಪಾಠ ಬದಲಿಸುವ ಬದಲು ಮೆಟ್ಟಿಲಕ್ಕ ಕಟ್ಟಡವನ್ನೇ ತಿದ್ದಿದರು. ಒಂದು ರಜೆಯ ದಿನ, ಬೆಂಚಿಗೆ ಬಳಿದು ಉಳಿದಿದ್ದ ಬಿಳಿ ಬಣ್ಣದಲ್ಲಿ ನೆಲಮಹಡಿಯ ಗೋಡೆಗೆ ದೊಡ್ಡದಾಗಿ ಒಂದು ಎಂದು ಬರೆದರು; ಮೇಲಕ್ಕೆ ಎರಡು, ಮೂರು, ನಾಲ್ಕು. ಹುಡುಗರು ಮತ್ತೆ ತಪ್ಪಲಿಲ್ಲ. ಗೋಡೆಯ ಅಂಕಿ ನಂಬಿ ತಪ್ಪಿದವರು ಅಂಚೆಯವರು. ಪ್ರಾಣಿಶಾಸ್ತ್ರದ ಪತ್ರಗಳು ಒಂದು ತಿಂಗಳು ಗಣಿತದವರ ಮೇಜಿನ ಮೇಲೆ ಬಿದ್ದಿದ್ದವು.

ಹನ್ನೊಂದಾಯಿತು. ಪ್ರಾಂಶುಪಾಲರು ಬಂದು ಕೂತರು. ಹೊರಗಿನಿಂದ ಬರಬೇಕಿದ್ದ ಪರೀಕ್ಷಕರ ಪತ್ತೆಯಿಲ್ಲ. ಅವರಿಗೆ ಕಳಿಸಿದ ಪತ್ರದಲ್ಲಿ "ಎರಡನೇ ಮಹಡಿ" ಎಂದಿತ್ತು; ಗುಮಾಸ್ತೆ ಪ್ರಯೋಗಾಲಯದ ಮಹಡಿಯ ಗೋಡೆಯ ಅಂಕಿ ನೋಡಿ ಟೈಪು ಮಾಡಿದ್ದರು. ಹತ್ತುವಾಗ ಪರೀಕ್ಷಕರು ಗೋಡೆ ನೋಡಲಿಲ್ಲ. ಎಲ್ಲರಂತೆ ನೆಲಮಹಡಿ ಬಿಟ್ಟು ಎಣಿಸಿ, ಒಂದು ಮಹಡಿ ಹೆಚ್ಚು ಹತ್ತಿ, ಪ್ರಾಣಿಶಾಸ್ತ್ರದ ಉಗ್ರಾಣದಲ್ಲಿ ಕಪ್ಪೆ ಜಾಡಿಗಳ ಎದುರು ಇಪ್ಪತ್ತು ನಿಮಿಷ ಕೂತಿದ್ದರು. ಗೋಡೆಯ ಅಂಕಿ ಓದುತ್ತಾ ಇಳಿದು ಬಂದಾಗ ಮುಖ ಕೆಂಡವಾಗಿತ್ತು.

"ಆ ಅಂಕಿ ಬರೆದ ಮಹಾನುಭಾವರು ಯಾರ್ರೀ?"

ಪ್ರಾಂಶುಪಾಲರು ಕಿಟಕಿಯಾಚೆ ನೋಡಿದರು.

"ನಾನೇ ಸರ್," ಎಂದರು ಮೆಟ್ಟಿಲಕ್ಕ. "ನೀವೀಗ ಯಾವ ಅಂಕಿಯಿಂದ ಇಳಿದ್ರಿ?"

"ಮೂರು ಅಂತ ಬರೆದಿತ್ತು."

"ಬಂದು ನಿಂತಿದ್ದು ಎರಡಕ್ಕೆ. ಅಂದ್ರೆ ನೀವು ಬಾಮರ್, ಸರ್. ಅದರಲ್ಲೂ ಮೂರರಿಂದ ಎರಡು ಅಂದ್ರೆ..." ಅವರು ಮುಖ ನೋಡಿ ತಡೆದರು.

"ಅಂದ್ರೆ?"

"ಕೆಂಪು ಗೆರೆ ಸರ್."

ಪ್ರಾಂಶುಪಾಲರಿಗೆ ಕೆಮ್ಮು ಬಂತು. ಪರೀಕ್ಷಕರು ನಗಲಿಲ್ಲ. ಕುರ್ಚಿ ಎಳೆದುಕೊಂಡು, "ಬಹಳ ಜಾಣೆ. ಎಲ್ಲಿ, ಈ ಪ್ರಿಸಂನಲ್ಲಿ ನಂಗೆ ಲೈಮನ್ ಗೆರೆ ತೋರ್ಸಿ ನೋಡೋಣ," ಎಂದರು.

"ಅದು ನಿಮ್ಮ ಕಣ್ಣಿಗೂ ಕಾಣಲ್ಲ, ನನ್ನ ಕಣ್ಣಿಗೂ ಕಾಣಲ್ಲ ಸರ್. ತೋರಿಸ್ತೀನಿ ಅಂದೋರಿಗೆ ಮಾತ್ರ ಈ ಕೆಲಸ ಕೊಡ್ಬೇಡಿ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. ಉಳಿದ ಪ್ರಶ್ನೆಗಳು ಹತ್ತು ನಿಮಿಷದಲ್ಲಿ ಮುಗಿದವು.

ಗುರುವಾರ ಆದೇಶ ಬಂತು. ಮೆಟ್ಟಿಲಕ್ಕ ಪ್ರಯೋಗ ಸಹಾಯಕಿ; ಹೈಡ್ರೋಜನ್ ಪಾಠ ಮುಗಿದ ಕೂಡಲೇ ಗೋಡೆಯ ಅಂಕಿಗಳನ್ನು ಅವರೇ ಅಳಿಸತಕ್ಕದ್ದು. ಸೋಮವಾರ ಹೊಸ ವೇಳಾಪಟ್ಟಿ ಬರೆದವರೂ ಅವರೇ. ಅದರಲ್ಲಿ ಹೈಡ್ರೋಜನ್ ಪಾಠ ವರ್ಷದ ಕೊನೆಯ ವಾರಕ್ಕಿದೆ.