ಹರಗೋಲಿನ ತೂಕಕ್ಕೆ ಕೂತ ಹುಡುಗಿ

ಹನುಮನಹಳ್ಳಿಯ ಗಾಳೆಮ್ಮ ಸತ್ತ ಮಗಳನ್ನು ನಾಲ್ಕು ವರ್ಷದ ಮೇಲೆ ಗಂಗಾವತಿಯ ಸಿನಿಮಾ ತಂಬುವಿನಲ್ಲಿ ಕಂಡಳು. ಕಂಡದ್ದು ಐದು ಎಣಿಸುವಷ್ಟು ಹೊತ್ತು, ಅಷ್ಟೇ.

ಅದು ನಿಜಾಮರ ಕಾಲ, ಮೂವತ್ತೆಂಟನೇ ಇಸವಿ ಇರಬೇಕು. ಅವಳ ಗಂಡ ಓಬಳೆಪ್ಪ ಹೊಳೆಯಲ್ಲಿ ಹರಗೋಲು, ಅಂದರೆ ಬುಟ್ಟಿಯಂಥ ದುಂಡು ದೋಣಿ, ಹಾಕುವವನು. ಐದು ವರ್ಷ ಹಿಂದೆ ಮುಂಬಯಿ ಕಡೆಯ ಸಿನಿಮಾದವರು ಬಂದು ಆ ಹರಗೋಲನ್ನು ಎರಡು ದಿನ ಬಾಡಿಗೆಗೆ ಹಿಡಿದಿದ್ದರು. ಮಕ್ಕಳು ಓದುವ ಯಾವುದೋ ಪುಸ್ತಕದ ಕಥೆಯಂತೆ. ಶಾಲೆಗೆ ಸೂಟಿ ಬಿಟ್ಟಾಗ ಗಂಡ ಹೆಂಡತಿ, ಇಬ್ಬರು ಮಕ್ಕಳು ಹೊಳೆದಂಡೆಗೆ ಬಂದು ನಾಲ್ಕು ದಿನ ನಕ್ಕು ಆಡಿ ಹೋಗುವುದು. ಅದರಲ್ಲಿ ಜಗಳವಿಲ್ಲ, ಸಾವಿಲ್ಲ, ನೋಡಿದವರು ತಣ್ಣಗೆ ಮನೆಗೆ ಹೋಗಬಹುದು.

ಆ ನಾಲ್ವರೂ ಬೂಟು ಹಾಕಿಕೊಂಡು ಹರಗೋಲಿನಲ್ಲಿ ಒಂದೇ ಮಗ್ಗುಲಿಗೆ ಕೂತರು. ಚಿತ್ರ ತೆಗೆಯುವ ಯಂತ್ರಕ್ಕೆ ಎಲ್ಲರ ಮುಖ ಕಾಣಬೇಕಲ್ಲ! ಹರಗೋಲು ವಾಲಿತು. ಓಬಳೆಪ್ಪ ಎದುರು ಮಗ್ಗುಲಿಗೆ ಎರಡು ಗುಂಡುಕಲ್ಲು ಇಟ್ಟ. ಸಾಲಲಿಲ್ಲ. ದಂಡೆಯ ಮೇಲೆ ನಿಂತಿದ್ದ ಏಳು ವರ್ಷದ ಮಗಳನ್ನು ಕರೆದ.

"ಏ ಹುಲಗಿ, ಬಾ ಇಲ್ಲಿ. ಈ ಕಲ್ಲಿನ ಮ್ಯಾಲ ಕುಂದ್ರು. ತೂಕ ಸರಿ ಆಗಲಿ."

ಹುಡುಗಿ ಬೇಡ ಎಂದರು ಸಿನಿಮಾದವರು.

"ಹಂಗಾರ ನಿಮ್ಮ ಅಮ್ಮಾರು ನೀರಾಗ ಹೊಕ್ಕಾರ ನೋಡ್ರಿ" ಅಂದ ಓಬಳೆಪ್ಪ. ಹುಲಗಿ ಹೋಗಿ ಕಲ್ಲಿನ ಮೇಲೆ ಕೂತಳು.

ಮರುವರ್ಷ ಹುಲಗಿ ವಾಂತಿಭೇದಿ ತಗುಲಿ ಒಂದೇ ದಿನದಲ್ಲಿ ಹೋದಳು. ಆ ಮನೆಯಲ್ಲಿ ಯಾರದೂ ಫೋಟೋ ಎಂಬುದು ಇರಲಿಲ್ಲ. ಗಾಳೆಮ್ಮನಿಗೆ ಮಗಳ ದನಿ ಚೆನ್ನಾಗಿ ನೆನಪಿತ್ತು, ಮುಖ ಮಾತ್ರ ಬರಬರುತ್ತ ಕರಗಿಹೋಗುತ್ತಿತ್ತು. ಮೂಗು ನೆನೆದರೆ ಕಣ್ಣು ಸಿಗದು, ಕಣ್ಣು ಸಿಕ್ಕರೆ ಗದ್ದ ಸಿಗದು. ಇದನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಹೆತ್ತವಳು ಇಂಥದನ್ನು ಯಾರಿಗೆ ಹೇಳಿಯಾಳು?

ಹಾಗಿರುವಾಗ ತಂಬು ಬಂತು. ಮಾತಿಲ್ಲದ ಹಳೇ ಚಿತ್ರ. ದಾದೇಸಾಬ ಎಂಬುವನು ಕೈಯಿಂದ ಯಂತ್ರ ತಿರುವುತ್ತಿದ್ದ. ಪರದೆಯ ಮೇಲೆ ಹೊಳೆ ಬಂತು, ಹರಗೋಲು ಬಂತು, ಕಲ್ಲಿನ ಮೇಲೆ ಹುಲಗಿ ಬಂದಳು. ನೇರ ಇವಳನ್ನೇ ನೋಡಿದಳು, ತಲೆ ಕೆರೆದುಕೊಂಡಳು, ಲಂಗದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮುಗಿಯಿತು.

ಗಾಳೆಮ್ಮ ಮರುದಿನವೂ ನಡೆದು ಬಂದಳು, ಅದರ ಮರುದಿನವೂ ಬಂದಳು. ಓಬಳೆಪ್ಪ ಒಮ್ಮೆ ಬಂದವನು ಮತ್ತೆ ಬರಲಿಲ್ಲ.

"ದಿನಾ ಏನ್ ನೋಡ್ತಿ ಅದನ್ನ? ನನ್ನ ರಟ್ಟಿ ಒಂದ ಕಾಣತೈತಿ, ಮಾರೀನ ಹಿಡದಿಲ್ಲ ಹಲ್ಕಟ್ಟುಗಳು" ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ಮಗಳ ಹೆಸರು ಬಾಯಿಗೆ ಬಾರದೆ ಅವನು ಹೊಳೆಯ ಕಡೆ ಹೋದ.

ಮೂರನೇ ದಿನ ಆಟಕ್ಕೆ ಮೊದಲು ಅವಳು ದಾದೇಸಾಬನ ಹತ್ತಿರ ಹೋಗಿ ಎಲ್ಲ ಹೇಳಿದಳು.

"ತಮ್ಮಾ, ಕಣ್ಣು ನೋಡೂದ್ರಾಗ ಮೂಗು ಹೋಗಿಬಿಡತೈತಿ. ನನ್ನ ಕೂಸು ಬಂದಾಗ ಒಂದೀಟು ನಿಂದ್ರಸಪ್ಪಾ."

"ಬಂಡಿ ಅಲ್ಲ ಯವ್ವಾ ಇದು, ಹಗ್ಗ ಜಗ್ಗಿ ನಿಂದ್ರಸಾಕ. ನಿಂತರ ದೀಪದ ಝಳಕ್ಕ ಸಿನಿಮಾದ ಪಟ್ಟಿ ಹತ್ತಿ ಉರೀತೈತಿ. ನಿಧಾನ ತಿರುವತೀನಿ, ಆತಿಲ್ಲೊ?"

ಅವನು ಹೇಳಿದಂತೆ ನಿಧಾನವಾಗಿಯೇ ತಿರುವಿದ. ಹುಲಗಿ ಮೆಲ್ಲಗೆ ತಲೆ ಕೆರೆದುಕೊಂಡಳು. ಗಾಳೆಮ್ಮ ಎದ್ದು ನಿಂತಳು.

"ಏ ಯವ್ವಾ, ಕುಂದ್ರ ಬೇ! ನಿನ್ನ ತಲಿ ನೋಡಾಕ ಬಂದೀವೇನು ನಾವು?" ಎಂದು ಹಿಂದಿನಿಂದ ಒಬ್ಬ ಕೂಗಿದ.

ಅವಳಿಗೆ ಅದು ಕೇಳಿಸಲೇ ಇಲ್ಲ. ಲಂಗದ ಅಂಚು ಬಾಯಿಗೆ ಏರುತ್ತಿತ್ತು. "ನಿಂದ್ರಸೋ ಯಪ್ಪಾ! ಒಂದ ಗಳಿಗಿ ನಿಂದ್ರಸೋ!" ಎಂದು ಚೀರಿದಳು.

ಆ ದನಿಗೆ ದಾದೇಸಾಬನ ಕೈ ತಾನಾಗಿ ನಿಂತಿತು.

ಹುಲಗಿಯೂ ನಿಂತಳು. ಕಣ್ಣು, ಮೂಗು, ಗದ್ದ, ಎಲ್ಲ ಒಟ್ಟಿಗೆ. ಗಾಳೆಮ್ಮ ಉಸಿರು ಬಿಡುವುದರೊಳಗೆ ಮಗಳ ಕೆನ್ನೆಯ ಮೇಲೆ ಕಂದು ಬೊಬ್ಬೆ ಎದ್ದಿತು, ಒಡೆಯಿತು, ಮುಖವನ್ನೆಲ್ಲ ತಿಂದಿತು. ಪರದೆ ಬೆಳ್ಳಗಾಯಿತು. ಜನ ಸೀಟಿ ಹೊಡೆದರು. ದಾದೇಸಾಬ ಹಸಿ ಗೋಣಿಚೀಲ ಬಡಿದು ಉರಿ ಆರಿಸುವಷ್ಟರಲ್ಲಿ ಐದಾರು ಮೊಳ ಪಟ್ಟಿ ಕರಿಯಾಗಿ ಮುರುಟಿತ್ತು.

"ತಪ್ಪಾತು ಯವ್ವಾ. ಕೈ ಯಾಕ ನಿಂತ್ತೋ, ನನಗ ತಿಳೀಲಿಲ್ಲ" ಎಂದು ಅತ್ತ ಅವನು.

"ನೀ ಏನ್ ಮಾಡ್ತಿ ತಮ್ಮಾ. ನಿಂದ್ರಸು ಅಂದಾಕಿ ನಾನ."

ಸುಟ್ಟದ್ದನ್ನು ಕತ್ತರಿಸಿ ಉಳಿದದ್ದನ್ನು ಅಂಟಿಸಿದರು. ಮರುದಿನವೂ ಅವಳು ಹೋದಳು, ಏನಾದರೂ ಉಳಿದೀತೇನೋ ಎಂದು. ನಾಲ್ವರೂ ಹರಗೋಲಿಗೆ ಕಾಲಿಟ್ಟರು. ಪರದೆ ಒಮ್ಮೆ ಜಿಗಿಯಿತು. ನಾಲ್ವರೂ ಆಚೆ ದಂಡೆಯಲ್ಲಿ ಬೂಟು ಝಾಡಿಸುತ್ತಿದ್ದರು.

"ಏ, ಹೊಳಿ ಜಿಗದ ದಾಟಿದ್ರಲೇ!" ಎಂದು ತಂಬು ತುಂಬ ನಗೆ ಎದ್ದಿತು.

ಆ ನಗೆಯ ನಡುವೆಯೇ ಅವಳಿಗೆ ಒಂದು ವಿಚಾರ ಹೊಳೆಯಿತು. ಬೆಳಗಾದ ಮೇಲೆ ಆನೆಗೊಂದಿಗೆ ಹೋಗಿ ತಿರುಪತಿ ಮಾಸ್ತರರ ಕಟ್ಟೆಯ ಕೆಳಗೆ ಕೂತಳು. ಮಕ್ಕಳಿಗೆ ಕನ್ನಡ ಕಲಿಸುವ ಮಾಸ್ತರರು ಹೊಳೆಯಾಚೆ ಹೊಸಪೇಟೆಯಿಂದ ಪುಸ್ತಕ ತರಿಸುತ್ತಿದ್ದರು. ಈ ಕಥೆಯೂ ಕನ್ನಡಕ್ಕೆ ಬಂದು ಅವರ ಕಪಾಟಿನಲ್ಲಿತ್ತು.

"ಪುಸ್ತಕದಾಗಿಂದನ ಸಿನಿಮಾ ತೆಗದಾರಂದ್ರ, ನನ್ನ ಮಗಳು ಪುಸ್ತಕದಾಗ ಇರಬೇಕಲ್ರಿ ಮಾಸ್ತರ? ಅದೇನು ಉರಿದಿಲ್ಲಲ್ಲ. ಓದಿ ಹೇಳ್ರಿ."

ಹುಲಗಿ ತೂಕಕ್ಕೆ ಕೂತವಳು, ಕಥೆಯವಳಲ್ಲ ಎಂದು ಮಾಸ್ತರರಿಗೂ ಗೊತ್ತಿತ್ತು. ಆದರೂ ಪುಸ್ತಕ ತಂದು ಮೊದಲಿನಿಂದ ಓದಿದರು. ಸೂಟಿ ಬಿಟ್ಟಿತು, ರೈಲು ಬಂತು, ಹೊಳೆ ಬಂತು. "ಅಪ್ಪ, ಅಮ್ಮ, ಇಬ್ಬರು ಮಕ್ಕಳು ದೋಣಿ ಹತ್ತಿದರು" ಎಂದು ಓದಿ ತಡೆದರು. ಗಾಳೆಮ್ಮ ಮಿಸುಕದೆ ಕೂತಿದ್ದಳು.

"ಅವರೆದುರಿಗೆ ಒಬ್ಬ ಸಣ್ಣ ಹುಡುಗಿ ಕುಳಿತಿದ್ದಳು. ಬಹಳ ಚೆಲುವೆ" ಅಂದರು ಮಾಸ್ತರರು.

ಗಾಳೆಮ್ಮ ತಲೆ ಎತ್ತಿದಳು. ಅಕ್ಷರ ಕಲಿಯದವಳಾದರೂ ಅವಳ ಕಿವಿ ಸೂಕ್ಷ್ಮ.

"ಓದೂ ದನಿ ಬ್ಯಾರೆ, ಆಡೂ ದನಿ ಬ್ಯಾರೆ ಇರತೈತ್ರಿ. ಆ ಮಾತು ಎಲ್ಲೈತಿ, ಬೊಟ್ಟು ಇಟ್ಟು ತೋರಸ್ರಿ."

ಓದಲು ಬಾರದವಳಿಗೆ ಯಾವ ಸಾಲು ತೋರಿಸಿದ್ದರೂ ನಡೆಯುತ್ತಿತ್ತು. ಮಾಸ್ತರರ ಬೆರಳು ಹಾಳೆಯ ಮೇಲೆ ಆಡಿತು, ಎಲ್ಲಿಯೂ ಕೆಳಗಿಳಿಯಲಿಲ್ಲ. ಹಾಗೆಯೇ ಗಾಳಿಯಲ್ಲಿ ನಿಂತಿತು.

"ಇರಲಿ ಬಿಡ್ರಿ. ಮುಂದ ಓದ್ರಿ" ಅಂದಳು ಗಾಳೆಮ್ಮ.

ಅವರು ಓದಿದರು. ಅವಳು ಕಥೆ ಮುಗಿಯುವವರೆಗೂ ಕೂತು ಕೇಳಿದಳು.